ರಿಮೋಟ್‌ನಲ್ಲಿ ಓಡುವ ಕಳೆ ಸವರುವ ಯಂತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟದವರು ಮತ್ತು ಕುಮಟಾದಿಂದ ಕಾರವಾರದವರೆಗಿನ ತೆಂಗಿನ ಹಿತ್ತಲಿನವರು ಊರಲ್ಲೇ ಕಟ್ಟಿಕೊಳ್ಳುವ ಇಂಥ ಯಂತ್ರದ ಬಗ್ಗೆ ಕೇಳುತ್ತ ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಇಟ್ಟಿದ್ದೇವೆ. ಲೆಕ್ಕಗಳೆಲ್ಲ ಒಂದೇ ಅಳತೆಯ ಯಂತ್ರಕ್ಕೆ ಸೇರಿದವು: ಒಟ್ಟು ತೂಕ ಸುಮಾರು 60 ಕೆ.ಜಿ., ಕತ್ತರಿಸುವ ಅಗಲ 40 ಸೆಂ.ಮೀ., ನಡಿಗೆಯ ವೇಗ.

## ಶುರು ಮಾಡುವ ಮೊದಲು

ಮನೇಲಿ ವೀಡ್ ಕಟ್ಟರ್ ಇದೆ. ಮತ್ತೆ ಇದೆಲ್ಲ ಯಾಕೆ ಬೇಕು?

ತೋಟ ಅರ್ಧ ಎಕರೆಯ ಒಳಗಿದ್ದರೆ ಬೇಡ. ಹೆಗಲಿಗೆ ಹಾಕುವ ವೀಡ್ ಕಟ್ಟರ್ ಹೋಗುವ ಎಲ್ಲ ಕಡೆಗೂ ಇದು ಹೋಗುವುದಿಲ್ಲ. ಮರದ ಬುಡ, ಧರೆಯ ಅಂಚು, ಕಾಲುವೆಯ ಬದಿಯಲ್ಲಿ ಕೈಯಲ್ಲೇ ಸವರಬೇಕು. ಎರಡು ಸಾಲಿನ ನಡುವಿನ ಸಪಾಟು ಜಾಗ ಎಷ್ಟಿದೆಯೋ ಅಷ್ಟು ಮಾತ್ರ ಇದರ ಪಾಲು. ಆದರೆ ತೋಟದ ಹೆಚ್ಚಿನ ಕೆಲಸ ಇರುವುದೂ ಅಲ್ಲೇ. ಬೆನ್ನು ಮತ್ತು ಕೈಗೆ ನಡುಕ ತಾಗುವುದಿಲ್ಲ, ಬ್ಲೇಡಿಗೆ ಸಿಕ್ಕ ಕಲ್ಲು ಮೊಣಕಾಲಿಗೆ ಹಾರುವುದಿಲ್ಲ, ಮಳೆಗಾಲದಲ್ಲಿ ಉಂಬಳದ ನಡುವೆ ನಿಲ್ಲದೆ ಕಾಲುದಾರಿಯ ಮೇಲೆ ನಿಂತು ಓಡಿಸಬಹುದು.

ರೋಬೋಟ್ ಅಂದ್ಮೇಲೆ ಅದು ತನ್ನಷ್ಟಕ್ಕೇ ಓಡಬೇಕಲ್ವಾ?

ಅಂಗಡಿಯಲ್ಲಿ ಸಿಗುವ ರೋಬೋಟ್ ಮೋವರ್‌ಗಳು ಹಾಗೆ ಓಡುತ್ತವೆ. ಆದರೆ ಅವು ದಿನಾ ಅಷ್ಟಷ್ಟೇ ತುದಿ ಕತ್ತರಿಸುವ ಹುಲ್ಲುಹಾಸಿನ ಯಂತ್ರಗಳು. ಅವುಗಳ ಬ್ಲೇಡು ಶೇವಿಂಗ್ ಬ್ಲೇಡಿನಷ್ಟೇ ತೆಳು. ಜುಲೈಯಲ್ಲಿ ಮೊಣಕಾಲೆತ್ತರ ಬೆಳೆದ ಕಳೆಗೆ ಅವು ಲಾಯಕ್ಕಲ್ಲ. ಇಲ್ಲಿ ಹೇಳುತ್ತಿರುವುದು ರಿಮೋಟ್ ಹಿಡಿದು, ಕಣ್ಣಿಟ್ಟು ಓಡಿಸುವ ಯಂತ್ರ. ದೊಡ್ಡ ಬ್ಲೇಡು ತಿರುಗುವ ಯಂತ್ರವನ್ನು ಆಳುಗಳು ಓಡಾಡುವ ತೋಟದಲ್ಲಿ ತನ್ನಷ್ಟಕ್ಕೆ ಬಿಡುವುದನ್ನು ನಾವು ಒಪ್ಪುವುದಿಲ್ಲ.

ನಮ್ಮ ಅಡಿಕೆ ತೋಟದಲ್ಲಿ ಇದು ತಿರುಗ್ತದಾ?

ಮರದಿಂದ ಮರಕ್ಕೆ 2.7 ಮೀಟರ್, ಅಂದರೆ 9 ಅಡಿ ಇದ್ದರೆ ತಿರುಗುತ್ತದೆ. ಹಳೆಯ ತೋಟಗಳಲ್ಲಿ ಆ ಅಂತರ ಎಲ್ಲ ಕಡೆ ಇರುವುದಿಲ್ಲ. ನಡುವೆ ಬಾಳೆ, ಏಲಕ್ಕಿ, ಕಾಫಿ ಇದ್ದರೆ ಇನ್ನೂ ಇಕ್ಕಟ್ಟು. ಯಂತ್ರದ ಅಗಲ 70 ಸೆಂ.ಮೀ., ಉದ್ದ 90 ಸೆಂ.ಮೀ. ದಾಟದಂತೆ ನೋಡಿಕೊಳ್ಳಿ. ಆಗ ಎರಡು ಸಾಲಿನ ನಡುವೆ ನಿಂತಲ್ಲೇ ತಿರುಗಲು ಜಾಗ ಸಾಕಾಗುತ್ತದೆ. ದೊಡ್ಡ ಅಡ್ಡಿ ಬಸಿಗಾಲುವೆ. ಅದನ್ನು ಯಂತ್ರ ದಾಟುವುದಿಲ್ಲ. ಪ್ರತಿ ಕಾಲುವೆಗೆ ಒಂದು ಕಡೆ ಎರಡು ಅಡಿಕೆ ದಬ್ಬೆ ಹಾಕಿದರೆ ಸಾಲದು, ಜಾರುತ್ತದೆ. ಮೇಲೆ ಅಡ್ಡಪಟ್ಟಿ ಬಡಿದ, ಯಂತ್ರಕ್ಕಿಂತ ಒಂದು ಗೇಣು ಹೆಚ್ಚು ಅಗಲದ ಹಲಗೆ ಬೇಕು. ತುಂತುರು ನೀರಾವರಿಯ ಪೈಪು ನೆಲದ ಮೇಲೇ ಹಾದಿದ್ದರೆ ಮೊದಲು ಅದನ್ನು ಹೂಳಿ ಅಥವಾ ಮರದ ಸಾಲಿಗೆ ಸರಿಸಿ.

ಸೊಪ್ಪಿನ ಬೆಟ್ಟದಲ್ಲಿ ಓಡಿಸಬಹುದಾ?

ಬೇಡ. ತೋಟಕ್ಕೆ ಸೊಪ್ಪು ತರುವ ಆ ಕಾಡು ಮೋಟು, ಕಲ್ಲು, ಇಳಿಜಾರು ಮೂರೂ ಒಟ್ಟಿಗೆ ಇರುವ ಜಾಗ. ಕರಡ ಕೊಯ್ಯಲು ಕತ್ತಿಯೇ ಸರಿ.

ಖರ್ಚು ಎಲ್ಲಿ ಹೆಚ್ಚು ಬೀಳ್ತದೆ?

ಬ್ಯಾಟರಿ, ಚಕ್ರದ ಮೋಟಾರು, ಮೋಟಾರ್ ಡ್ರೈವರ್ (ಮೋಟಾರಿಗೆ ಹೋಗುವ ಕರೆಂಟನ್ನು ಹೆಚ್ಚು ಕಡಿಮೆ ಮಾಡುವ ಬೋರ್ಡು). ಈ ಮೂರನ್ನು ಹೊಸದೇ ತನ್ನಿ. ಚೌಕಟ್ಟಿನ ಕಬ್ಬಿಣ, ಚಕ್ರ, ಚೈನು, ಸ್ಪ್ರಾಕೆಟ್ ಗುಜರಿಯದ್ದಾದರೂ ನಡೆಯುತ್ತದೆ. ವೆಲ್ಡಿಂಗ್ ಮತ್ತು ಲೇತ್ ಕೆಲಸ ಊರಲ್ಲೇ ಆಗುತ್ತದೆ. ಗುಜರಿ ಸಾಮಾನಿಗೆ ಹುಬ್ಬಳ್ಳಿ, ಎಲೆಕ್ಟ್ರಾನಿಕ್ಸ್‌ಗೆ ಬೆಂಗಳೂರಿನ ಎಸ್.ಪಿ. ರಸ್ತೆ ಅಥವಾ ಆನ್‌ಲೈನ್.

## ಯಾವ ಭಾಗ, ಎಷ್ಟು

ಪೆಟ್ರೋಲಾ, ಬ್ಯಾಟರಿಯಾ?

ಚಕ್ರಕ್ಕೆ ಬ್ಯಾಟರಿ, ಬ್ಲೇಡಿಗೆ ಪೆಟ್ರೋಲ್. ಈ ಜೋಡಿಯೇ ನಮ್ಮ ಕಡೆಯ ಒದ್ದೆ ಕಳೆಗೆ ಸರಿಹೊಂದುವುದು. ಚಕ್ರಗಳನ್ನು ಹಿಂದೆ ಮುಂದೆ, ನಿಧಾನಕ್ಕೆ ಓಡಿಸಲು ವಿದ್ಯುತ್ ಮೋಟಾರಿಗೆ ಸಮನಾದದ್ದಿಲ್ಲ. ಬ್ಲೇಡಿಗೂ ಬ್ಯಾಟರಿಯನ್ನೇ ನಂಬಿದರೆ ಒದ್ದೆ ಹುಲ್ಲಿನಲ್ಲಿ ಒಂದು ಕಿಲೋವಾಟ್ ಆಸುಪಾಸು ಬೇಕಾಗುತ್ತದೆ. 24 ವೋಲ್ಟ್‌ನಲ್ಲಿ ಅದು 40 ಆಂಪಿಯರ್‌ಗೂ ಹೆಚ್ಚು. ಬ್ಯಾಟರಿ ದೊಡ್ಡದಾಗುತ್ತದೆ, ಯಂತ್ರ ಭಾರವಾಗುತ್ತದೆ, ಕೆಸರಲ್ಲಿ ಹುಗಿಯುತ್ತದೆ. ಮನೆ ಮುಂದಿನ ಹುಲ್ಲುಹಾಸಿಗೆ ಮಾತ್ರ ಆದರೆ 24 ವೋಲ್ಟ್, 500 ವಾಟ್‌ನ ಒಂದು ಮೋಟಾರು ಸಾಕು.

ತಳ್ಳುವ ಲಾನ್ ಮೋವರ್‌ನ ಎಂಜಿನ್ ಇಟ್ಟರೆ ಅನುಕೂಲ. ಅದರ ದಂಡ ಕೆಳಮುಖವಾಗಿಯೇ ಇರುವುದರಿಂದ ಬ್ಲೇಡು ನೇರ ಕೂರುತ್ತದೆ. ಆದರೆ ಇಂಥ ಸಣ್ಣ ಫೋರ್ ಸ್ಟ್ರೋಕ್ ಎಂಜಿನ್‌ಗಳನ್ನು ಹೆಚ್ಚು ಹೊತ್ತು ವಾಲಿಸಿ ಓಡಿಸಿದರೆ ಒಳಗೆ ಎಣ್ಣೆ ತಲುಪುವುದಿಲ್ಲ. ಹಲವು ಕೈಪಿಡಿಗಳು 15 ಡಿಗ್ರಿಯ ಮಿತಿ ಹಾಕುತ್ತವೆ. ನಿಮ್ಮದರ ಕೈಪಿಡಿ ನೋಡಿ.

ಚಕ್ರಕ್ಕೆ ಕಾರಿನ ವೈಪರ್ ಮೋಟಾರು ಹಾಕಿದ್ರೆ ಆಗ್ತದಾ?

ಆಟಿಕೆಗೆ ಆಗುತ್ತದೆ. ಲೆಕ್ಕ ನೋಡಿ. 60 ಕೆ.ಜಿ. ಯಂತ್ರ 20 ಡಿಗ್ರಿ ಏರಿನಲ್ಲಿ ಹತ್ತಬೇಕಾದರೆ ಭಾರ ಎಳೆಯಲು ಸುಮಾರು 200 ನ್ಯೂಟನ್, ಹುಲ್ಲು ಮತ್ತು ಮೆತ್ತನೆ ಮಣ್ಣಿನ ಎಳೆತಕ್ಕೆ ಇನ್ನೂ 80, ಒಟ್ಟು 280 ನ್ಯೂಟನ್ ಬಲ ಬೇಕು. ಆಟೋರಿಕ್ಷಾದ 4.00-8 ಟೈರಿನ ತ್ರಿಜ್ಯ ಸುಮಾರು 20 ಸೆಂ.ಮೀ. ಹಾಗಾಗಿ ಎರಡೂ ಚಕ್ರ ಸೇರಿ 56 ನ್ಯೂಟನ್ ಮೀಟರ್ ತಿರುಗುಬಲ ಬೇಕು, ಒಂದೊಂದಕ್ಕೆ 28.

ಇ-ಬೈಕಿಗೆ ಬಳಸುವ ಎಂವೈ1016ಝಡ್ ಗೇರ್ ಮೋಟಾರು (24 ವೋಲ್ಟ್, 250 ವಾಟ್) ಸುಮಾರು 300 ಆರ್‌ಪಿಎಂನಲ್ಲಿ 8 ನ್ಯೂಟನ್ ಮೀಟರ್ ಕೊಡುತ್ತದೆ. ಮೋಟಾರಿನ ಕಡೆ 9 ಹಲ್ಲು, ಚಕ್ರದ ಕಡೆ 54 ಹಲ್ಲಿನ ಸ್ಪ್ರಾಕೆಟ್ ಹಾಕಿದರೆ ಆರು ಪಟ್ಟು. ಚೈನಿನ ನಷ್ಟ ಕಳೆದು 43 ನ್ಯೂಟನ್ ಮೀಟರ್ ಚಕ್ರಕ್ಕೆ ಸಿಗುತ್ತದೆ. ಬೇಕಾದದ್ದಕ್ಕಿಂತ ಒಂದೂವರೆ ಪಟ್ಟು. ಈ ಉಳಿಕೆ ದುಂದಲ್ಲ, ತಿರುಗುವಾಗ ಚಕ್ರ ಮಣ್ಣನ್ನು ಉಜ್ಜಲು ಅದು ಬೇಕೇ ಬೇಕು. ಚಕ್ರ 50 ಆರ್‌ಪಿಎಂನಲ್ಲಿ ತಿರುಗಿ ಗಂಟೆಗೆ 3.8 ಕಿ.ಮೀ. ವೇಗ ಬರುತ್ತದೆ. ಅದಕ್ಕಿಂತ ಹೆಚ್ಚಿಗೆ ಆಸೆಪಡಬೇಡಿ.

ಎಲ್298ಎನ್ ಬೋರ್ಡು ಹಾಕಿದ್ದೆ, ಐದೇ ನಿಮಿಷಕ್ಕೆ ಹೊಗೆ ಬಂತು. ಯಾಕೆ?

ಅದು ಪುಟ್ಟ ಮೋಟಾರುಗಳ ಡ್ರೈವರ್, ಅದರ ಸಾಮರ್ಥ್ಯ ಒಂದು ಚಾನೆಲ್‌ಗೆ, ಅಂದರೆ ಒಂದು ಮೋಟಾರಿಗೆ, 2 ಆಂಪಿಯರ್. ಮೇಲಿನ ಮೋಟಾರು ಪೂರ್ಣ ಭಾರದಲ್ಲಿ 13 ಆಂಪಿಯರ್ ಎಳೆಯುತ್ತದೆ, ಕಲ್ಲಿಗೆ ಸಿಕ್ಕಿ ನಿಂತರೆ ಅದರ ಹಲವು ಪಟ್ಟು. ಬಿಟಿಎಸ್7960 ಬೋರ್ಡಿನ ಮೇಲೆ 43 ಆಂಪಿಯರ್ ಎಂದು ಬರೆದಿರುವುದನ್ನೂ ಪೂರಾ ನಂಬಬೇಡಿ. ಅಷ್ಟು ಸಣ್ಣ ಹೀಟ್‌ಸಿಂಕ್‌ನಲ್ಲಿ ಅದು ಸತತವಾಗಿ ತಾಳುವುದು ಅದರ ಮೂರನೇ ಒಂದು ಪಾಲು. ಚಾನೆಲ್ಲಿಗೆ 30 ಆಂಪಿಯರ್ ಸತತವಾಗಿ ಕೊಡುವ, ರಿಮೋಟ್ ರಿಸೀವರಿನ ಸಿಗ್ನಲ್ಲನ್ನು ನೇರ ಓದುವ ಎರಡು ಚಾನೆಲ್ಲಿನ ಡ್ರೈವರ್ ತನ್ನಿ. ಸೈಟ್ರಾನ್ ಸ್ಮಾರ್ಟ್‌ಡ್ರೈವ್‌ಡ್ಯುಯೊ-30, ಸೇಬರ್‌ಟೂತ್ 2×32 ಇಂಥವು. ಆಗ ಆರ್ಡುಯಿನೊದಂಥ ಪುಟ್ಟ ಕಂಪ್ಯೂಟರ್ ಬೋರ್ಡು, ಪ್ರೋಗ್ರಾಂ ಯಾವುದೂ ಬೇಡ.

ಬ್ಯಾಟರಿ ಎಷ್ಟು ಎಎಚ್ ಬೇಕು?

ಬ್ಲೇಡಿಗೆ ಎಂಜಿನ್ ಇದ್ದರೆ ಚಕ್ರಗಳೆರಡೂ ಸೇರಿ ಸರಾಸರಿ 12 ಆಂಪಿಯರ್ ತಿನ್ನುತ್ತವೆ. 24 ವೋಲ್ಟ್, 20 ಎಎಚ್ (ಆಂಪಿಯರ್-ಗಂಟೆ) ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಲ್ಲಿ ಶೇ 80ರಷ್ಟು ಬಳಸಿದರೆ ಒಂದು ಗಂಟೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಪೆಟ್ರೋಲೂ ಮುಗಿಯುತ್ತದೆ, ಓಡಿಸುವವನಿಗೂ ಸಾಕಾಗುತ್ತದೆ. ಲೆಡ್ ಆಸಿಡ್ ಬ್ಯಾಟರಿ ಅಗ್ಗ, ಆದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತ ಹೋದರೆ ಬೇಗ ಸಾಯುತ್ತದೆ. ತೂಕವೂ ಎರಡು ಪಟ್ಟಿಗಿಂತ ಮೇಲೆ.

ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಬೋರ್ಡು) 60 ಆಂಪಿಯರ್‌ನದ್ದಿರಲಿ. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನ ಒಳಗೇ 60 ಆಂಪಿಯರ್ ಫ್ಯೂಸ್, ಅಲ್ಲಿಂದ ಡ್ರೈವರಿಗೆ 10 ಚದರ ಮಿ.ಮೀ. ತಾಮ್ರದ ವೈರು.

ಬ್ಲೇಡು ಗಟ್ಟಿ ಪಟ್ಟಿಯದಾ, ಮಡಚುವುದಾ?

ಮಡಚುವುದು. ದುಂಡನೆ ತಟ್ಟೆಯ ಅಂಚಿಗೆ ಮೂರು ಸಣ್ಣ ಬ್ಲೇಡುಗಳನ್ನು ಬೋಲ್ಟಿನಲ್ಲಿ ಸಡಿಲವಾಗಿ ತೂಗುಹಾಕಿ. ತಿರುಗುವಾಗ ಅವು ತಾವೇ ಹೊರಚಾಚುತ್ತವೆ, ಕಲ್ಲಿಗೋ ಮೋಟಿಗೋ ಬಡಿದರೆ ಹಿಂದೆ ಮಡಚುತ್ತವೆ. ಗಟ್ಟಿ ಪಟ್ಟಿ ಬಡಿದರೆ ಆ ಪೆಟ್ಟೆಲ್ಲ ಎಂಜಿನ್ನಿನ ದಂಡಕ್ಕೆ. ದಂಡ ಬಗ್ಗಿದರೆ ಎಂಜಿನ್ ಹೋದಂತೆಯೇ.

ಇದರಲ್ಲಿ ಬೋಲ್ಟಿನ ಗುಣವೇ ಎಲ್ಲ. 40 ಸೆಂ.ಮೀ. ವ್ಯಾಸ, 2,800 ಆರ್‌ಪಿಎಂನಲ್ಲಿ ಬ್ಲೇಡಿನ ತುದಿ ಗಂಟೆಗೆ 210 ಕಿ.ಮೀ. ವೇಗದಲ್ಲಿರುತ್ತದೆ. ನಡುವಿನಿಂದ 16 ಸೆಂ.ಮೀ. ದೂರದಲ್ಲಿರುವ ಬರೀ 100 ಗ್ರಾಮಿನ ಬ್ಲೇಡು ತನ್ನ ಬೋಲ್ಟನ್ನು ಸುಮಾರು 140 ಕೆ.ಜಿ. ಭಾರ ತೂಗಿಬಿಟ್ಟಂತೆ ಜಗ್ಗುತ್ತದೆ. ತಲೆಯ ಮೇಲೆ 8.8 ಎಂದು ಒತ್ತಿರುವ ಎಂ10 ಬೋಲ್ಟು, ನೈಲಾನ್ ಬಳೆಯ ನಟ್ಟು ಹಾಕಿ. ನಟ್ಟು ಒಮ್ಮೆ ಬಿಚ್ಚಿದರೆ ಹೊಸದು. ಮೂರೂ ಬ್ಲೇಡನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ ಒಂದು ಗ್ರಾಮಿನ ಒಳಗೆ ಸಮ ಮಾಡಿ.

ಬ್ಲೇಡು ನೆಲದಿಂದ 6ರಿಂದ 8 ಸೆಂ.ಮೀ. ಮೇಲಿರಲಿ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹಬ್ಬಿರುತ್ತದೆ. ತೀರಾ ಬುಡಕ್ಕೆ ಸವರಿದರೆ ಜಡಿಮಳೆಯಲ್ಲಿ ಮಣ್ಣೂ ಕೊಚ್ಚಿಹೋಗುತ್ತದೆ.

ಚೌಕಟ್ಟಿಗೆ ಎಷ್ಟು ಕಬ್ಬಿಣ?

25×25 ಮಿ.ಮೀ., 2 ಮಿ.ಮೀ. ದಪ್ಪದ ಚೌಕ ಪೈಪು 8 ಮೀಟರ್. ಮೀಟರಿಗೆ 1.44 ಕೆ.ಜಿ., ಒಟ್ಟು ಹನ್ನೊಂದೂವರೆ ಕೆ.ಜಿ. ಬ್ಲೇಡಿನ ಮುಚ್ಚಿಗೆಗೆ 3 ಮಿ.ಮೀ. ತಗಡು. ಅದಕ್ಕಿಂತ ತೆಳುವಾದರೆ ಕಲ್ಲು ಬಡಿದು ಉಬ್ಬುತ್ತದೆ. ಮುಂದೆ ಚೈನಿನ ತುಂಡುಗಳ ಪರದೆ, ಹಿಂದೆ ಲಾರಿ ಟೈರಿನ ರಬ್ಬರ್ ಪಟ್ಟಿ. ಮುಂದಿನ ತಿರುಗುಚಕ್ರ ಕನಿಷ್ಠ 25 ಸೆಂ.ಮೀ. ವ್ಯಾಸದ್ದಿರಬೇಕು, ಟ್ರಾಲಿಯ ಪುಟ್ಟ ಚಕ್ರ ಕೆಸರಲ್ಲಿ ನೇಗಿಲಾಗುತ್ತದೆ.

## ರಿಮೋಟು ಮತ್ತು ನಿಲ್ಲಿಸುವ ವ್ಯವಸ್ಥೆ

ಯಾವ ರಿಮೋಟ್ ತಗೊಳ್ಳಲಿ? ಲೈಸೆನ್ಸ್ ಬೇಕಾ?

ಡ್ರೋನ್, ಮಾದರಿ ವಿಮಾನಕ್ಕೆ ಬಳಸುವ 2.4 ಗಿಗಾಹರ್ಟ್ಸ್‌ನ ಆರು ಚಾನೆಲ್ಲಿನ ರಿಮೋಟು, ಉದಾಹರಣೆಗೆ ಫ್ಲೈಸ್ಕೈ ಎಫ್‌ಎಸ್-ಐ6. ಈ ತರಂಗಪಟ್ಟಿಗೆ ಭಾರತದಲ್ಲಿ ಲೈಸೆನ್ಸ್ ಬೇಡ. ಮೈದಾನದಲ್ಲಿ ನೂರಾರು ಮೀಟರ್ ಹೋಗುವ ಸಿಗ್ನಲ್ ಒದ್ದೆ ಎಲೆಗಳ ತೋಟದಲ್ಲಿ ಬಹಳ ಕುಗ್ಗುತ್ತದೆ. ನೀರು ಈ ತರಂಗವನ್ನು ನುಂಗುತ್ತದೆ. 30 ಮೀಟರಿಗಿಂತ ದೂರ ಹೇಗೂ ಯಂತ್ರ ಸರಿಯಾಗಿ ಕಾಣುವುದಿಲ್ಲ, ಅದನ್ನೇ ಮಿತಿ ಮಾಡಿಕೊಳ್ಳಿ. ರಿಸೀವರಿನ ಆಂಟೆನಾ ಕಬ್ಬಿಣದ ಡಬ್ಬಿಯ ಒಳಗೆ ಇರಕೂಡದು.

ಸಿಗ್ನಲ್ ತಪ್ಪಿದ್ರೆ ಯಂತ್ರ ಓಡ್ತಾನೇ ಇರ್ತದಾ?

ನೀವು ತಡೆಯದಿದ್ದರೆ, ಹೌದು. ಚಕ್ರ ಕಟ್ಟುವ ಮೊದಲೇ ನಿಲ್ಲಿಸುವ ವ್ಯವಸ್ಥೆ ಕಟ್ಟಿ ಎಂದು ಎಲ್ಲರಿಗೂ ಹೇಳುತ್ತೇವೆ, ಹೆಚ್ಚಿನವರು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಈ ವೇಗದಲ್ಲಿ ಯಂತ್ರ ಸೆಕೆಂಡಿಗೆ ಒಂದು ಮೀಟರ್ ಹೋಗುತ್ತದೆ. ಮೂರು ಸೆಕೆಂಡು ತಡವಾದರೆ ಮರದ ಸಾಲು ದಾಟಿ ಕಾಲುವೆಯಲ್ಲಿರುತ್ತದೆ, ಬ್ಲೇಡು ತಿರುಗುತ್ತಲೇ.

ಮೂರು ಬೇರೆ ಬೇರೆ ದಾರಿ ಬೇಕು, ಒಂದು ಕೈಕೊಟ್ಟರೆ ಇನ್ನೊಂದು ಇರಬೇಕು.

ಒಂದನೆಯದು ರಿಸೀವರಿನ ಫೇಲ್‌ಸೇಫ್, ಅಂದರೆ ಸಿಗ್ನಲ್ ತಪ್ಪಿದಾಗ ಏನು ಮಾಡಬೇಕೆಂಬ ಹೊಂದಿಕೆ. ರಿಮೋಟಿನ ಮೆನುವಿನಲ್ಲಿ ಅದನ್ನು ತೆರೆದು, ಚಕ್ರದ ಎರಡೂ ಚಾನೆಲ್ ನಡುಬಿಂದುವಿಗೆ (1,500 ಮೈಕ್ರೋಸೆಕೆಂಡ್), ಎಂಜಿನ್ ಚಾನೆಲ್ 'ಬಂದ್' ಕಡೆಗೆ ಹೋಗುವಂತೆ ಹೊಂದಿಸಿ. ಹೊಸ ರಿಮೋಟಿನಲ್ಲಿ ಇದು ಮೊದಲೇ ಹೊಂದಿಸಿರುತ್ತದೆ ಎಂದು ಎಣಿಸಬೇಡಿ.

ಎರಡನೆಯದು ಎಂಜಿನ್ ಆರಿಸುವ ರಿಲೇ, ಅಂದರೆ ಕರೆಂಟಿನಿಂದ ಆಡುವ ಸ್ವಿಚ್ಚು. ಕಿಡಿ ಹುಟ್ಟಿಸುವ ಮ್ಯಾಗ್ನೆಟೊದಿಂದ ಬರುವ ಸಣ್ಣ ವೈರು ಎಂಜಿನ್ನಿನ ಮೈಗೆ ತಾಗಿದರೆ ಕಿಡಿ ನಿಂತು ಎಂಜಿನ್ ಆರುತ್ತದೆ. ಈ ವೈರನ್ನು ರಿಲೇಯ ಎನ್‌ಸಿ ತುದಿಯ (ಕರೆಂಟಿಲ್ಲದಾಗ ತಾಗಿಕೊಂಡಿರುವುದು) ಮೂಲಕ ಮೈಗೆ ಜೋಡಿಸಿ. ರಿಲೇಗೆ ಕರೆಂಟು ಇದ್ದಾಗ ಮಾತ್ರ ಸಂಪರ್ಕ ಬಿಟ್ಟು ಎಂಜಿನ್ ಓಡುತ್ತದೆ. ಸಿಗ್ನಲ್ ಹೋಗಲಿ, ಬ್ಯಾಟರಿ ಕಳಚಲಿ, ರಿಲೇಗೆ ಕರೆಂಟು ಕೊಡುವ ವೈರು ತುಂಡಾಗಲಿ, ಎಂಜಿನ್ ತಾನಾಗಿ ಆರುತ್ತದೆ. ಎನ್‌ಒ ತುದಿಗೆ (ಕರೆಂಟಿದ್ದಾಗ ಮಾತ್ರ ತಾಗುವುದು) ಜೋಡಿಸಿದವರದ್ದು ಸರಿ ತಿರುಗಾಮುರುಗಾ: ಬ್ಯಾಟರಿ ಕಳಚಿದ ದಿನ ಚಕ್ರ ನಿಂತು ಬ್ಲೇಡು ಮಾತ್ರ ತಿರುಗುತ್ತಿರುತ್ತದೆ.

ಮೂರನೆಯದು ಯಂತ್ರದ ಹಿಂಬದಿಯಲ್ಲಿ, ಬ್ಲೇಡಿನಿಂದ ದೂರ, ಕೆಂಪು ಅಣಬೆಯಂಥ ಒತ್ತುಗುಂಡಿ. ಒತ್ತಿದರೆ ರಿಲೇಯ ಕರೆಂಟೂ ಡ್ರೈವರಿನ ಕರೆಂಟೂ ಹೋಗಬೇಕು. ಗುಂಡಿಯ ಮೂಲಕ 60 ಆಂಪಿಯರ್ ಹರಿಸಬೇಡಿ, ಅದು ಒಂದು ಕಾಂಟ್ಯಾಕ್ಟರ್ (ಹೆಚ್ಚು ಕರೆಂಟು ತಾಳುವ ರಿಲೇ) ಬಿಡಿಸಿದರೆ ಸಾಕು.

ಮೊದಲ ಸಲ ಹೇಗೆ ಪರೀಕ್ಷೆ ಮಾಡೋದು?

ಬ್ಲೇಡು ಬಿಚ್ಚಿಟ್ಟು, ಚಕ್ರ ನೆಲ ಮುಟ್ಟದಂತೆ ಚಿರೆಕಲ್ಲಿನ ಮೇಲೆ ಏರಿಸಿ. ಮುಂದೆ ಓಡುತ್ತಿರುವಾಗಲೇ ರಿಮೋಟ್ ಆಫ್ ಮಾಡಿ. ಚಕ್ರ ಒಂದು ಸೆಕೆಂಡಿನೊಳಗೆ ನಿಲ್ಲಬೇಕು, ಎಂಜಿನ್ ಆರಬೇಕು. ಇದನ್ನು ಹತ್ತು ಸಲ ಮಾಡಿ. ಆಮೇಲೆ ರಿಸೀವರಿನ ವೈರು ಕಿತ್ತು ನೋಡಿ, ಕೊನೆಗೆ ಬ್ಯಾಟರಿ ಕಳಚಿ. ನಂತರ ಅಂಗಳದಲ್ಲಿ ಬ್ಲೇಡಿಲ್ಲದೆ ಒಂದು ದಿನ ಓಡಿಸಿ ಕೈ ಪಳಗಿಸಿಕೊಳ್ಳಿ. ಯಂತ್ರ ನಿಮ್ಮ ಕಡೆಗೆ ಮುಖ ಮಾಡಿದಾಗ ಎಡ ಬಲ ಅದಲು ಬದಲಾಗುತ್ತದೆ, ಎಲ್ಲರೂ ತಪ್ಪುವುದು ಅಲ್ಲೇ.

## ಓಡಿಸಲು ಶುರು ಮಾಡಿದ ಮೇಲೆ

ಮುಂದೆ ತಳ್ಳಿದ್ರೆ ಗಿರಗಿರ ತಿರುಗ್ತದೆ, ತಿರುಗಿಸಿದ್ರೆ ಮುಂದೆ ಹೋಗ್ತದೆ!

ಒಂದು ಮೋಟಾರು ಉಲ್ಟಾ ತಿರುಗುತ್ತಿದೆ, ಅದರ ಎರಡು ವೈರು ಅದಲು ಬದಲು ಮಾಡಿ. ಕಡ್ಡಿ ಆಡಿಸಿದಾಗ ಒಂದೇ ಚಕ್ರ ತಿರುಗಿದರೆ ಮಿಕ್ಸಿಂಗ್ ಎರಡು ಕಡೆ ಆಗಿದೆ. ಒಂದೇ ಕಡ್ಡಿಯಿಂದ ಎರಡು ಚಕ್ರ ನಡೆಸುವ ಲೆಕ್ಕ ರಿಮೋಟಿನಲ್ಲೂ (ಎಲೆವಾನ್ ಮೆನು) ಡ್ರೈವರಿನಲ್ಲೂ (ಬೋರ್ಡಿನ ಪುಟ್ಟ ಸ್ವಿಚ್ಚು) ಇರುತ್ತದೆ. ಒಂದನ್ನು ಆಫ್ ಮಾಡಿ. 

ನೇರ ಹೋಗದೆ ಒಂದೇ ಕಡೆ ಎಳೀತದೆ.

ಮೊದಲು ಟೈರಿನ ಗಾಳಿ, ಆಮೇಲೆ ಚೈನಿನ ಬಿಗಿ, ಕೊನೆಗೆ ಟ್ರಿಮ್ (ಕಡ್ಡಿಯ ನಡುಬಿಂದು ಸರಿಪಡಿಸುವ ರಿಮೋಟಿನ ಗುಂಡಿ). ಬಹುತೇಕರು ಟ್ರಿಮ್‌ನಿಂದ ಶುರು ಮಾಡುತ್ತಾರೆ.

ಎಂಜಿನ್ ಸ್ಟಾರ್ಟ್ ಆದ ಕೂಡ್ಲೇ ಚಕ್ರ ತಂತಾನೇ ಮಿಡುಕ್ತದೆ.

ಸ್ಪಾರ್ಕ್ ಪ್ಲಗ್ಗಿನ ಕಿಡಿಯ ಗದ್ದಲ ರಿಸೀವರಿಗೆ ತಾಗುತ್ತಿದೆ. ರೆಸಿಸ್ಟರ್ ಇರುವ ಪ್ಲಗ್ ಹಾಕಿ. ರಿಸೀವರನ್ನು ಪ್ಲಗ್ ವೈರಿನಿಂದ ಕನಿಷ್ಠ 30 ಸೆಂ.ಮೀ. ದೂರವಿಡಿ, ಮೋಟಾರಿನ ಎರಡೂ ವೈರನ್ನು ಹುರಿಯಂತೆ ಹೊಸೆದು ಎಳೆಯಿರಿ. ಮೋಟಾರಿನ ಎರಡು ತುದಿಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸೆಯಿರಿ.

ಸೋಗೆ, ಹಾಳೆ, ಬಾಳೆಪಟ್ಟೆ ಸುತ್ತಿಕೊಂಡು ನಿಲ್ತದೆ. ಏನು ಮಾಡೋದು?

ಮೊದಲು ಸೋಗೆ ಹೆಕ್ಕಿ. ಅಡಿಕೆ ಹಾಳೆ ಒಣಗಿದ್ದರೆ ಪುಡಿಯಾಗುತ್ತದೆ, ಹಸಿಯಾಗಿದ್ದರೆ ಬ್ಲೇಡಿನ ದಂಡಕ್ಕೆ ಸುತ್ತುತ್ತದೆ. ದಂಡದ ಸುತ್ತ, ತಟ್ಟೆಗೆ 5 ಮಿ.ಮೀ. ಅಂತರದವರೆಗೆ ಇಳಿಯುವ ಪೈಪಿನ ತುಂಡೊಂದನ್ನು ಮುಚ್ಚಿಗೆಗೆ ಬೆಸೆದರೆ ಸುತ್ತುವುದು ಕಡಿಮೆಯಾಗುತ್ತದೆ. ಬಿಡಿಸುವಾಗ ಎಂಜಿನ್ ಆರಿಸಿ, ಪ್ಲಗ್ಗಿನ ಟೊಪ್ಪಿ ಕಿತ್ತ ಮೇಲೆಯೇ ಕೈ ಹಾಕಿ. ಬ್ಲೇಡನ್ನು ಕೈಯಿಂದ ಹಿಂದೆ ಮುಂದೆ ಮಾಡುವಾಗ ಬಿಸಿ ಎಂಜಿನ್ ಒಂದು ಸುತ್ತು ಉರಿದರೂ ಬೆರಳು ಹೋಗುತ್ತದೆ.

ಮಳೆಗಾಲದಲ್ಲಿ ಓಡಿಸಬಹುದಾ?

ಮಳೆ ಬಿಟ್ಟಾಗ. ಡ್ರೈವರ್ ಮತ್ತು ರಿಸೀವರ್ ಧೂಳು, ನೀರು ತಡೆಯುವ ಐಪಿ65 ದರ್ಜೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿರಲಿ. ವೈರುಗಳು ಡಬ್ಬಿಯ ತಳದಿಂದ, ಕೇಬಲ್ ಗ್ಲಾಂಡ್ ಮೂಲಕ ಒಳಹೋಗಲಿ, ಹೊರಗೆ ಒಮ್ಮೆ ಕೆಳಕ್ಕೆ ಬಾಗಿರಲಿ. ಡಬ್ಬಿಯನ್ನು ಪೂರಾ ಅಂಟು ಹಾಕಿ ಮುಚ್ಚಿದರೆ ಒಳಗಿನ ಬಿಸಿಗಾಳಿ ತಣಿದಾಗ ತೇವ ಒಳಗೇ ಹನಿಯಾಗುತ್ತದೆ. ತಳದಲ್ಲಿ 3 ಮಿ.ಮೀ. ತೂತು ಬಿಡಿ. ಮಳೆಯಲ್ಲಿ ಯಂತ್ರ ಕೆಡುವುದು ಬಹುತೇಕ ಮೇಲಿನ ನೀರಿನಿಂದಲ್ಲ, ಮೋಟಾರಿಗೆ ಕೆಳಗಿನಿಂದ ಹಾರುವ ಕೆಸರಿನಿಂದ. ಮೋಟಾರುಗಳನ್ನು ಚಕ್ರದ ಅಚ್ಚಿಗಿಂತ ಮೇಲೆ ಕೂರಿಸಿ ನಡುವೆ ತಗಡು ಹಾಕಿ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಯಂತ್ರ ಮರದಡಿ ಬೇಡ. ಬೋರ್ಡೋದಲ್ಲಿರುವ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ.

ಕಾರವಾರದ ಕಡೆ ಸಮುದ್ರದ ಗಾಳಿಗೆ ಎಲ್ಲ ತುಕ್ಕು ಹಿಡೀತದಲ್ಲ?

ಹಿಡಿಯುತ್ತದೆ, ಅದೂ ಮೊದಲು ಕಣ್ಣಿಗೆ ಕಾಣದ ಜಾಗದಲ್ಲಿ: ಕನೆಕ್ಟರುಗಳ ಒಳಗೆ. ಸಂಪರ್ಕ ಹಸಿರುಗಟ್ಟಿದರೆ ಅಲ್ಲೇ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ. ಕ್ರಿಂಪ್ ಮಾಡಿದ ತುದಿಗೆ ಒಳಗೆ ಅಂಟಿರುವ ಹೀಟ್‌ಶ್ರಿಂಕ್ ಹಾಕಿ, ಕನೆಕ್ಟರಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ಡ್ರೈವರ್ ಬೋರ್ಡಿಗೆ, ಕನೆಕ್ಟರು ಬಿಟ್ಟು, ತೇವ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಸ್ಪ್ರೇ. ಚೌಕ ಪೈಪಿನ ಬಾಯಿಗಳನ್ನು ವೆಲ್ಡ್ ಮಾಡಿ ಮುಚ್ಚದಿದ್ದರೆ ಒಳಗಿನಿಂದಲೇ ತುಕ್ಕು ಬರುತ್ತದೆ.

ಹೊಯ್ಗೆ ನೆಲದ ತೆಂಗಿನ ಹಿತ್ತಲಿನಲ್ಲಿ ಇನ್ನೊಂದು ತಾಪತ್ರಯ. ಚೈನಿಗೆ ಎಣ್ಣೆ ಹೆಚ್ಚಾದಷ್ಟೂ ಹೊಯ್ಗೆ ಅಂಟಿ ಅರದಂತೆ ತೇಯುತ್ತದೆ. ಒಣಗುವ ಬಗೆಯ ಚೈನ್ ವ್ಯಾಕ್ಸ್ ಬಳಸಿ. ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಹುಗಿಯುವುದು ಕಡಿಮೆ.

ಇಳಿಜಾರಲ್ಲಿ ಗುಂಡಿ ಒತ್ತಿದ್ರೆ ಕೆಳಗೆ ಉರುಳಿ ಹೋಗ್ತದೆ. ಬ್ರೇಕ್ ಇಲ್ವಾ?

ಈ ಮೋಟಾರುಗಳಲ್ಲಿ ಇಲ್ಲ. ಡ್ರೈವರಿಗೆ ಕರೆಂಟಿದ್ದಾಗ ಅದೇ ಬಹುಮಟ್ಟಿಗೆ ತಡೆಯುತ್ತದೆ, ಕರೆಂಟು ಹೋದರೆ ಚಕ್ರ ಸ್ವತಂತ್ರ. ಪ್ರತಿ ಮೋಟಾರಿಗೂ ಡ್ರೈವರಿಗೂ ನಡುವೆ ಎರಡು ಕಡೆ ಹೊರಳುವ ದೊಡ್ಡ ರಿಲೇ ಹಾಕಿ, ಅದು ಬಿಟ್ಟಾಗ ಮೋಟಾರಿನ ಎರಡು ತುದಿ ಒಂದಕ್ಕೊಂದು ತಾಗುವಂತೆ ಮಾಡಿದರೆ ಉರುಳುವುದು ತೆವಳುವಷ್ಟಕ್ಕೆ ಇಳಿಯುತ್ತದೆ. ಪೂರಾ ನಿಲ್ಲಬೇಕೆಂದರೆ ಗಾಲಿಕುರ್ಚಿಯ ಮೋಟಾರು ತನ್ನಿ. ಅವುಗಳಲ್ಲಿ ಕರೆಂಟು ಹೋದಾಗ ಹಿಡಿಯುವ ಬ್ರೇಕ್ ಇರುತ್ತದೆ.

ಇಳಿಜಾರಿನದೇ ಇನ್ನೊಂದು ಗುಟ್ಟು. ಇಳಿಯುವಾಗ ಮೋಟಾರು ಜನರೇಟರಾಗಿ ಬ್ಯಾಟರಿಗೆ ಕರೆಂಟು ವಾಪಸು ಕಳಿಸುತ್ತದೆ. ಬ್ಯಾಟರಿ ಆಗಷ್ಟೇ ತುಂಬಿದ್ದರೆ ಬಿಎಂಎಸ್ ಅದನ್ನು ತಡೆದು ಬಾಗಿಲು ಮುಚ್ಚುತ್ತದೆ. ಹೋಗಲು ದಾರಿಯಿಲ್ಲದ ವೋಲ್ಟೇಜು ಡ್ರೈವರನ್ನು ಸುಡುತ್ತದೆ. ಚಾರ್ಜ್ ಆದ ಕೂಡಲೇ ಧರೆಯಿಂದ ಇಳಿಸಬೇಡಿ, ಹತ್ತು ನಿಮಿಷ ಸಪಾಟಿನಲ್ಲಿ ಓಡಿಸಿ.

ಜಿಪಿಎಸ್ ಹಾಕಿ ಸಾಲಿನಲ್ಲಿ ತಾನೇ ಹೋಗೋ ಹಾಗೆ ಮಾಡಬಹುದಾ?

ಬಯಲಿನಲ್ಲಿ ಆರ್‌ಟಿಕೆ ಜಿಪಿಎಸ್ (ನೆಲದ ಮೇಲಿನ ಸ್ಥಿರ ಕೇಂದ್ರದಿಂದ ತಿದ್ದುಪಡಿ ಪಡೆಯುವ ಜಿಪಿಎಸ್) 2-3 ಸೆಂ.ಮೀ. ನಿಖರತೆ ಕೊಡುತ್ತದೆ, ಆದರೆ ಅದಕ್ಕೆ ಆಕಾಶ ಕಾಣಬೇಕು. ಅಡಿಕೆ ತೋಟದಲ್ಲಿ ಆಕಾಶ ಕಾಣುವುದು ಸೋಗೆಗಳ ಸಂದಿಯಲ್ಲಿ. ಅಲ್ಲಿ ಲೆಕ್ಕ ತಪ್ಪಿ ಯಂತ್ರ ಒಮ್ಮೆಲೇ ಒಂದು ಮಾರು ಆಚೆ ಇದ್ದೇನೆಂದು ತಿಳಿಯುತ್ತದೆ, ಅಲ್ಲಿ ಮೆಣಸಿನ ಬಳ್ಳಿಯ ಬುಡ ಇರುತ್ತದೆ. ಕೈ ಪಳಗಿದ ಮೇಲೆ ಹಾಕಲು ಯೋಗ್ಯವಾದದ್ದು ದಿಕ್ಕು ಹಿಡಿಯುವ ಜೈರೊ. ಮಾದರಿ ಕಾರುಗಳಿಗೆ ಸಿಗುವ ಪುಟ್ಟ ಜೈರೊವನ್ನು ರಿಸೀವರಿನ ತಿರುಗುವ ಚಾನೆಲ್ಲಿಗೂ ಡ್ರೈವರಿಗೂ ನಡುವೆ ಸೇರಿಸಿದರೆ, ಒಂದು ಚಕ್ರ ಕಲ್ಲು ಹತ್ತಿದರೂ ಯಂತ್ರ ಗೆರೆ ಬಿಡುವುದಿಲ್ಲ. ಆಗ ಮಿಕ್ಸಿಂಗ್ ಡ್ರೈವರಿನಲ್ಲೇ ಇರಬೇಕು. ರಿಮೋಟಿನಲ್ಲಿದ್ದರೆ ಜೈರೊಗೆ ತಿರುಗುವ ಸಿಗ್ನಲ್ ಬೇರೆಯಾಗಿ ಸಿಗುವುದೇ ಇಲ್ಲ.